ನಡುವಿನ ಒಂಬತ್ತು ಚೌಕ

ಅನ್ನಮ್ಮ ಕೌದಿಯ ನಕ್ಷೆಯನ್ನು ಬರೆದದ್ದು ತಾನು ಅಕ್ಷರ ಕಲಿಯಲು ಹೋಗುತ್ತಿದ್ದ ಸಂಜೆ ಶಾಲೆಯ ಲೆಕ್ಕದ ಪುಸ್ತಕದಲ್ಲಿ. ಅದರ ಹಾಳೆಗಳ ತುಂಬ ಚೌಕದ ಗೆರೆಗಳಿದ್ದವು. ಅತ್ತೆ ಕಲಿಸಿದ್ದ ಪಗಡಿ ಪಟ್ಟಿ ಅದು: ನಡುವೆ ಒಂದು ಚೌಕ, ಅದರ ನಾಲ್ಕು ಬದಿಗೆ ನಾಲ್ಕು ತೋಳು, ಮೂಲೆಗಳಿಗೆ ಬಿಳಿ ಬಟ್ಟೆ. ಅಂಥ ಒಂಬತ್ತು ಪಟ್ಟಿ ಕೂಡಿಸಿದರೆ ತೊಟ್ಟಿಲಿಗೆ ಸರಿಹೋಗುವ ಕೌದಿ.

ಈ ಕೌದಿಗೆ ಮಾತ್ರ ಮನೆಯ ಹಳೇ ಸೀರೆ ಹರಿಯುವಂತಿರಲಿಲ್ಲ. ದೇವದುರ್ಗಕ್ಕೆ ಕೊಟ್ಟ ಮಗಳು ಸೂಗಮ್ಮನ ಎರಡು ಕೂಸುಗಳು ಹುಟ್ಟಿ ತಿಂಗಳು ತುಂಬುವ ಮೊದಲೇ ತೀರಿಹೋಗಿದ್ದವು. ಮೂರನೆಯದಕ್ಕೆ ಐದು ಮನೆಯ ಬಾಗಿಲಲ್ಲಿ ನಿಂತು, ಬಾಯಿಬಿಟ್ಟು ಬೇಡಿ ತಂದ ಬಟ್ಟೆಯೇ ಆಗಬೇಕು. ಬೇಡಿದ ಬಟ್ಟೆಯ ಮೇಲೆ ಮಲಗಿದ ಕೂಸನ್ನು ಸಾವು ಭಿಕ್ಷುಕರದೆಂದು ಬಿಟ್ಟು ಹೋಗುತ್ತದೆ ಎಂಬುದು ಹಿರಿಯರ ನಂಬಿಕೆ. ನಾಲ್ಕು ತೋಳಿಗೆ ಓಣಿಯ ಯಾವ ನಾಲ್ಕು ಮನೆಯಾದರೂ ನಡೆದೀತು. ನಡುವಿನ ಚೌಕಕ್ಕೆ ಮಾತ್ರ ಗೋಡೆಗೆ ಗೋಡೆ ಹತ್ತಿದ ಮನೆಯದೇ ಬೇಕು. "ಕೂಸು ಅತ್ತರ ಮೊದಲು ಕೇಳೋದು ಆ ಮನಿಗೆ," ಎನ್ನುತ್ತಿದ್ದಳು ಅತ್ತೆ.

ಆ ಮನೆ ವಾಹಿದಾಳದು.

ಅನ್ನಮ್ಮ ಜಂಬಮ್ಮನ ಮನೆಗೆ ಹೋದಳು, ಯಂಕಮ್ಮನ ಮನೆಗೆ ಹೋದಳು, ಆಚೆ ಸಾಲಿನ ಎರಡು ಮನೆಗೂ ಹೋಗಿ ಸೆರಗೊಡ್ಡಿದಳು. ವಾಹಿದಾಳ ಬಾಗಿಲಿನ ಮುಂದೆ ಮೂರು ಸಲ ಹಾದು ಮೂರು ಸಲವೂ ತಲೆ ತಗ್ಗಿಸಿ ಮುಂದೆ ನಡೆದಳು. ಮೂರು ವರ್ಷದ ಹಿಂದೆ, ೧೯೭೮ರ ಬೇಸಗೆಯಲ್ಲಿ, ವಾಹಿದಾಳ ಕೂಸಿಗೆ ಮೈತುಂಬ ದಡಾರ ಎದ್ದಿತ್ತು. ಗಂಡ ಜಿಲಾನಿ ಪಾಷಾ ಲಾರಿ ತೆಗೆದುಕೊಂಡು ರಾಯಚೂರಿಗೆ ಹೋಗಿದ್ದ. "ಅನ್ನಕ್ಕಾ, ಕೂಸಿನ ಹಂತ್ಯಾಕ ಒಂದಿಷ್ಟು ಕುಂಡ್ರು, ಡಾಕ್ಟರನ್ನ ಕರಕೊಂಡು ಬರ್ತೀನಿ," ಎಂದು ವಾಹಿದಾ ಗೋಡೆಯಾಚೆಯಿಂದ ಎರಡು ಸಲ ಕೂಗಿದಳು. ಸೂಗಮ್ಮ ಆಗ ಚೊಚ್ಚಲ ಬಸುರಿ, ಇದೇ ಮನೆಯಲ್ಲಿದ್ದಳು. ಸೋಂಕು ತಗುಲೀತೆಂದು ಅನ್ನಮ್ಮ ಉಸಿರು ಬಿಗಿಹಿಡಿದು ಕೂತಳು. ಮೂರನೇ ದಿನ ಆ ಕೂಸು ತೀರಿತು. ತನಗೆ ಕೂಗು ಕೇಳಿಸಲಿಲ್ಲವೆಂದೇ ವಾಹಿದಾ ತಿಳಿದಿದ್ದಾಳೆ ಎಂದು ಅನ್ನಮ್ಮ ಅಂದಿನಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದಳು.

ಕೊನೆಗೆ ಪೆಟ್ಟಿಗೆಯ ತಳದಲ್ಲಿದ್ದ ತನ್ನದೇ ಹಸಿರು ಸೀರೆ ಕತ್ತರಿಸಿ ಒಂಬತ್ತು ನಡುಚೌಕಗಳಿಗೆ ಇಟ್ಟಳು. ಹೊಲಿಗೆ ಎಷ್ಟು ಸಣ್ಣಗೆ ಬಿತ್ತೆಂದರೆ ಅವಳ ಜೀವಮಾನದಲ್ಲೇ ಅಷ್ಟು ಚೆಂದದ ಹೊಲಿಗೆ ಬಿದ್ದಿರಲಿಲ್ಲ.

"ನಡುವಿನ ಹಸರು ಯಾರದಬೇ?" ಎಂದು ಹೆರಿಗೆಗೆ ತವರಿಗೆ ಬಂದಿದ್ದ ಬಾಣಂತಿ ಸೂಗಮ್ಮ ಕೇಳಿದಳು.

"ವಾಹಿದಾಂದು."

ಒಂದು ಸಲ ಬಾಯಿಂದ ಹೊರಬಿದ್ದ ಮೇಲೆ ಆ ಸುಳ್ಳೇ ನಿಜವೆಂದು ನಿಂತುಬಿಟ್ಟಿತು.

ಹೆಸರಿಡುವ ಹಿಂದಿನ ದಿನ ಕೂಸಿನ ಮೈ ಕೆಂಡವಾಯಿತು. ಆಸ್ಪತ್ರೆಯ ಹನಿಮದ್ದು ಹಾಕಿ, ಕೌದಿ ಹೊದಿಸಿ, ಸೂಗಮ್ಮ ಎದೆಗೆ ಅವಚಿಕೊಂಡು ಕೂತಳು. ಅನ್ನಮ್ಮನ ಕಣ್ಣು ಒಂಬತ್ತು ಹಸಿರು ಚೌಕಗಳ ಮೇಲೇ ಇತ್ತು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಕೂಸು ಬೆವತು, ತಣ್ಣಗಾಗಿ, ಹಾಲಿಗೆ ಬಾಯಿ ಹಾಕಿತು. ಸೂಗಮ್ಮ ಅಳುತ್ತಲೇ ನಕ್ಕಳು.

"ಐದು ಮನ್ಯಾಗ ಬೇಡಿದ್ದು ದಂಡ ಆಗಲಿಲ್ಲ ನೋಡಬೇ. ಅದರಾಗೂ ವಾಹಿದಾ ಚಿಕ್ಕಿ ಕೊಟ್ಟಿದ್ದು. ತನ್ನ ಕೂಸು ಹೋಗಿದ್ರೂ ಕೊಟ್ಟಾಳಲ್ಲ. ಒಂದು ಬಟ್ಟಲ ಸಕ್ಕರಿ ಒಯ್ದು ಕೊಟ್ಟು ಬಾ."

ಅನ್ನಮ್ಮ ಸಕ್ಕರೆ ತುಂಬಿದಳು. ಹೊಸ್ತಿಲು ದಾಟಿದವಳು ಮತ್ತೆ ತಿರುಗಿ ಬಂದು, ಬಿಸಿಲಿಗೆ ಹಾಕುತ್ತೇನೆಂದು ಹೇಳಿ ಕೌದಿಯನ್ನೂ ಕತ್ತರಿಯನ್ನೂ ಸೆರಗಿನಲ್ಲಿ ತೆಗೆದುಕೊಂಡು ಹೋದಳು.

ವಾಹಿದಾ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಬಾ ಅನ್ನಕ್ಕ. ದಾರಿ ತಪ್ಪಿ ಬಂದ್ಯೇನು?"

"ಕೌದಿಗೆ ಅರಿವಿ ಬೇಡಾಕ ಬಂದೀನಿ."

ವಾಹಿದಾ ಕೌದಿಯ ತುದಿ ಹಿಡಿದು ನೋಡಿದಳು. "ಎಲ್ಲಾ ಹೊಲದು ಮುಗಿಸಿ ಈಗ ಬೇಡ್ತಿ? ನಿಮ್ಮ ಸಾಲ್ಯಾಗ ಹಿಂಗ ಕಲಿಸ್ತಾರೇನು?"

"ನಡುವಿಂದು ನಂದು. ನಿಂದಂತ ಮಗಳಿಗೆ ಸುಳ್ಳು ಹೇಳೀನಿ."

ಮೊರದಲ್ಲಿದ್ದ ಕೈ ನಿಂತಿತು. ವಾಹಿದಾ ಎದ್ದು ಒಳಗೆ ಹೋಗಿ, ಮಸಿಗಟ್ಟಿದ ಒಂದು ಬಟ್ಟೆಯನ್ನು ತಂದು ಅವಳ ಮುಂದೆ ಒಗೆದಳು. ಒಂದು ಕಾಲಕ್ಕೆ ಹೂವಿನ ಅಚ್ಚಿನ ಛೀಟು ಬಟ್ಟೆಯ ಓಢಣಿ ಅದು.

"ನೀ ನಾಕು ಮನಿ ತಿರಿಗಿದ್ದು ಗೊತ್ತಾತು. ಇವತ್ತು ಬರ್ತಿ, ನಾಳಿ ಬರ್ತಿ ಅಂತ ಒಗದು ಮಡಚಿ ಇಟ್ಟೆ. ಎಂಟು ದಿನ ಕಾದೆ. ಆಮ್ಯಾಲ ಅದರಾಗ ಒಲಿ ಒರಸಾಕತ್ತಿದೆ. ಬೇಕಂದ್ರ ಅದನ್ನ ತೊಳಕೊಂಡು ಒಯ್ಯಿ."

ಅನ್ನಮ್ಮ ಓಢಣಿಯ ಕಡೆ ಕೈ ಚಾಚಿದಳು.

"ಆವತ್ತು ನೀ ಜ್ವಾಳ ಬೀಸಾಕತ್ತಿದ್ದಿ," ಎಂದಳು ವಾಹಿದಾ, ಮತ್ತೆ ಮೊರಕ್ಕೆ ಕೂತು. "ನಾ ಕೂಗಿದೆ, ಕಲ್ಲಿನ ಸಪ್ಪಳ ನಿಂತಿತು. ಎರಡನೇ ಸಲ ಕೂಗಿದಾಗೂ ನಿಂತೇ ಇತ್ತು. ಇಲ್ಲಂದ್ರ ಸಪ್ಪಳದಾಗ ನಿನಗ ಕೇಳಿಸಿಲ್ಲಂತ ತಿಳಕೊತಿದ್ದೆ."

ಸೂಗಮ್ಮ ಬಸುರಿ ಇದ್ದಳು, ಹೆದರಿಕೆಯಾಯಿತು, ಎಂದು ಮೂರು ವರ್ಷದಿಂದ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಅನ್ನಮ್ಮನ ಗಂಟಲಿಗೆ ಬಂದವು. ಅವನ್ನು ನುಂಗಿದಳು.

"ಹೌದು. ಕೇಳಿಸ್ಕೊಂಡೆ," ಎಂದಳು.

ಸಕ್ಕರೆಯ ಬಟ್ಟಲು ಇಬ್ಬರ ನಡುವೆ ಹಾಗೇ ಇತ್ತು. ಅನ್ನಮ್ಮ ಓಢಣಿ ಎತ್ತಿಕೊಂಡು ಬಚ್ಚಲ ಕಲ್ಲಿನ ಮೇಲೆ ಕುಕ್ಕುರುಗಾಲಿನಲ್ಲಿ ಕೂತು, ಸೀಗೆಪುಡಿ ಹಾಕಿ ತಿಕ್ಕಿದಳು. ಕಪ್ಪು ನೀರು ಹರಿಯಿತು. ಹೂಗಳು ಒಂದೊಂದೇ ಕಂಡವು. ಮಸಿ ಪೂರ್ತಿ ಹೋಗಲಿಲ್ಲ. ಅವಳು ಮತ್ತೂ ಜೋರಾಗಿ ಕಲ್ಲಿಗೆ ಬಡಿದಳು.

"ಸಾಕು, ಹರೀತದ," ಎಂದಳು ವಾಹಿದಾ. ಕೌದಿಯನ್ನು ತೊಡೆಯ ಮೇಲೆಳೆದುಕೊಂಡು ಕತ್ತರಿಯ ಮೊನೆಯಿಂದ ಮೊದಲ ಹಸಿರು ಚೌಕದ ಹೊಲಿಗೆ ಬಿಚ್ಚತೊಡಗಿದಳು. "ಎಷ್ಟು ಗಟ್ಟಿ ಹೊಲದೀಯವ್ವಾ ಸುಳ್ಳನ್ನ."

ಎರಡನೆಯ ಚೌಕಕ್ಕೆ ಬರುವಷ್ಟರಲ್ಲಿ ಅವಳು ತಟ್ಟನೆ ತಲೆ ಎತ್ತಿದಳು.

"ಅನ್ನಕ್ಕ, ಕೂಸು ಅಳಾಕತ್ತದ."

ನೀರಿನ ಸದ್ದಿನಲ್ಲಿ ಅನ್ನಮ್ಮನಿಗೆ ಕೇಳಿರಲೇ ಇಲ್ಲ. ತೊಯ್ದ ಓಢಣಿ ಹಿಡಿದುಕೊಂಡೇ ಎದ್ದಳು.

"ಅದನ್ನ ಇಲ್ಲೇ ಇಡು," ಎಂದಳು ವಾಹಿದಾ. "ನಾ ಹಿಂಡಿ ಹಾಕ್ತೀನಿ. ನೀ ಹೋಗು."