ನೆಲಕ್ಕೆ ಬಿಗಿದ ಬೆಂಚುಗಳು

"ಸ್ವಲ್ಪ ಓರೆ ಮಾಡ್ರೋ, ಮೇಷ್ಟ್ರು ಬೀಳ್ತಾರೆ!"

ಹೆಣ ಹೊತ್ತ ಸ್ಟ್ರೆಚರ್ ಬೆಂಚುಗಳ ನಡುವೆ ಸಿಕ್ಕಿಕೊಂಡಿತ್ತು. ಒಳಕೋಣೆಯಿಂದ ಬೀದಿಗೆ ಹೋಗಲು ಮೇಷ್ಟ್ರ ಇಂಗ್ಲಿಷ್ ಟ್ಯೂಷನ್ ಕೋಣೆಯೊಂದೇ ದಾರಿ. ಮಕ್ಕಳು ಎಳೆದಾಡಬಾರದೆಂದು ಮೂವತ್ತು ವರ್ಷದ ಹಿಂದೆ ಅವರೇ ಬೆಂಚುಗಳನ್ನೆಲ್ಲ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಎಂಥ ಬಿಗಿತವೆಂದರೆ, ಭೂಕಂಪವಾದರೆ ಊರು ಅಲ್ಲಾಡೀತು, ಬೆಂಚು ಅಲ್ಲಾಡದು.

ಹಳೆಯ ಶಿಷ್ಯ, ಈಗ ಗ್ಯಾರೇಜಿನ ಮೆಕ್ಯಾನಿಕ್, ಸ್ಪ್ಯಾನರ್ ಹಿಡಿದು ಕೂತ.

"ಆಲ್‌ದೋ ಇರೋ ವಾಕ್ಯಕ್ಕೆ ಬಟ್ ಕೂಡ ಸೇರಿಸಿದೆ ಅಂತ ಇದೇ ಬೆಂಚಿನ ಮೇಲೆ ನಿಲ್ಲಿಸಿದ್ರು. ‘ಒಂದು ಅಡುಗೆಮನೆಗೆ ಇಬ್ಬರು ಅತ್ತೆಯರು ಯಾಕೋ?’ ಅಂದ್ರು."

"ನಾನು ಡಿಸ್ಪೈಟ್ ಪಕ್ಕ ಆಫ್ ಹಾಕಿದ್ರೆ ಪುಟ ತೂತಾಗೋ ಹಾಗೆ ಕೆಂಪು ಪೆನ್ನಲ್ಲಿ ಗೀಚೋರು," ಎಂದಳು ಬ್ಯಾಂಕಿನ ಗುಮಾಸ್ತೆ.

ಆ ಕೆಂಪು ಶಾಯಿಯಲ್ಲಿ ಎರಡು ಕೆರೆ ತುಂಬುತ್ತಿದ್ದವು. ಮೂರೆಂದವರ ಜೊತೆ ಜಗಳವಿಲ್ಲ.

ಮೇಷ್ಟ್ರ ಮಗಳು ಗೋಡೆಗೊರಗಿ ನಿಂತಿದ್ದಳು. ಚಿಕ್ಕಪ್ಪ ಹತ್ತಿರ ಬಂದರು.

"ಪರೀಕ್ಷೆಗೆ ಹತ್ತೇ ದಿನ ಕಣಮ್ಮ. ನಾಳೆಯಿಂದ ನೀನೇ ಪಾಠ ಮಾಡ್ತೀಯ ಅಂತ ಎಲ್ಲರಿಗೂ ಹೇಳಿಬಿಟ್ಟೆ."

"ನಾಡಿದ್ದು ಕೆಲಸಕ್ಕೆ ಸೇರಬೇಕು ಚಿಕ್ಕಪ್ಪ. ನಾಳೆ ಬೆಳಿಗ್ಗೆ ಬಸ್ಸು. ಟಿಕೆಟ್ ತಗೊಂಡಾಗಿದೆ."

"ಟಿಕೆಟ್ ಏನು ಕಲ್ಲಲ್ಲಿ ಕೆತ್ತಿದ್ದಾ? ಬರೀ ಹತ್ತು ದಿನ. ನಿಮ್ಮಪ್ಪಾನೂ ಬರೀ ಒಂದು ವರ್ಷ ಅಂತಾನೇ ಶುರು ಮಾಡಿದ್ದು."

ಹೇಳಿದ ಮೇಲೆ ಚಿಕ್ಕಪ್ಪ ಕೆಮ್ಮಿದರು.

\* \* \*

ಅವಳಿಗಾಗ ಹನ್ನೊಂದು ವರ್ಷ. ಆಲ್‌ದೋ, ಈವನ್ ದೋ, ಡಿಸ್ಪೈಟ್, ಹೌಎವರ್: ನಾಲ್ಕಕ್ಕೂ ಅಪ್ಪ ಬೋರ್ಡಿನ ಮೇಲೆ ಒಂದೇ ಉದಾಹರಣೆಯನ್ನು ನಾಲ್ಕು ಬಗೆಯಲ್ಲಿ ಬರೆದರು. ‘ಟಿಕೆಟ್ ಇದ್ದರೂ ಅವನು ಬಸ್ ಹತ್ತಲಿಲ್ಲ.’

"ಯಾಕೆ ಹತ್ತಲಿಲ್ಲ ಅಪ್ಪ?"

ತರಗತಿ ಗೊಳ್ಳೆಂದಿತು. ಅಪ್ಪ ಬಹಳ ಹೊತ್ತು ಡಸ್ಟರ್ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು.

"ಅದು ಸಿಲಬಸ್‌ನಲ್ಲಿಲ್ಲ."

\* \* \*

ಮೂರು ಬೆಂಚು ಎದ್ದ ಮೇಲೆ ಮೇಷ್ಟ್ರು ಹೊರಬಿದ್ದರು. ಹಿಂದೆ ಹೋದ ಜನ ಎಷ್ಟೆಂದರೆ, ಮುಂದಿನವರು ಸ್ಮಶಾನ ಮುಟ್ಟಿದಾಗ ಹಿಂದಿನವರು ಇನ್ನೂ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು.

ಮಗಳು ಸ್ಮಶಾನದಿಂದ ಮರಳಿದಾಗ ಬೆಂಚುಗಳು ತಮ್ಮ ಜಾಗದಲ್ಲೇ ಇದ್ದವು. ಚಿಕ್ಕಪ್ಪ ಮೊದಲೇ ಬಂದು ಬೋರ್ಡಿನ ಮೂಲೆಯಲ್ಲಿ ನಾಳೆಯ ತಾರೀಖು ಬರೆದಿದ್ದರು. ಮೆಕ್ಯಾನಿಕ್ ಕೊನೆಯ ಬೆಂಚು ಬಿಗಿಯುತ್ತಿದ್ದ.

"ಅಕ್ಕಾ, ಒಂದು ಬೋಲ್ಟು ಸಿಗ್ತಿಲ್ಲ. ಇದೊಂದು ಅಲ್ಲಾಡ್ತಾನೇ ಇದೆ. ನೀವೇನಾದ್ರೂ ನೋಡಿದ್ರಾ?"

"ಇಲ್ಲಪ್ಪ."

ಅವಳ ಮುಷ್ಟಿಯೊಳಗೆ ಬೋಲ್ಟು ಬೆವರುತ್ತಿತ್ತು. ಅದಕ್ಕೆ ಸುತ್ತಿದ್ದ ನಾಳೆಯ ಟಿಕೆಟಿಗೆ ತುಕ್ಕಿನ ಕಲೆ ಮೆಲ್ಲಗೆ ಹತ್ತುತ್ತಿತ್ತು.