ಮಾಲೀಕರ ಸಾಲು

ನಮ್ಮೆಜಮಾನ್ರು ಒಂದು ಕಾರ್ಖಾನೇಲಿ ವೆಲ್ಡರ್. ಇಪ್ಪತ್ತು ವರ್ಷ ಗೇಟು, ಕಿಟಕಿ ಬೆಸೆದು ಬೆಸೆದು ಎಡಗಣ್ಣು ಹೋಗೇ ಹೋಗಿತ್ತು. ಬಲಗಣ್ಣೂ ಮಂಜಾಗ್ತಾ ಬಂತು. "ಇನ್ನೆರಡು ವರ್ಷದೊಳಗೆ ಆಪರೇಷನ್ ಮಾಡಿಸಿ. ಅದರಾಚೆ ಬಂದರೆ ನನ್ನ ಕೈಲೇನೂ ಇಲ್ಲ" ಅಂದ್ರು ಡಾಕ್ಟರು.

ಓವರ್‌ಟೈಮ್ ಮಾಡಿ ಕೂಡಿಡೋಣ ಅಂದ್ರೆ ಅದಕ್ಕೂ ತೆರಿಗೆ. ಸಂಬಳದ ದಿನ ಬಂತಂದ್ರೆ ಇವರದ್ದು ಅದೇ ರಾಗ. "ಕಣ್ಣು ಸುಟ್ಕೊಂಡು ದುಡಿಯೋನಿಗೆ ನೂರಕ್ಕೆ ಮೂವತ್ತು ಹಿಡೀತಾರೆ. ಧಣಿ ಕೂತಲ್ಲೇ ಷೇರು ಮಾರ್ತಾನೆ, ಅವನಿಗೆ ಬರೀ ಹತ್ತು. ಯಾವ ನ್ಯಾಯ ಕಣೇ ಇದು?" ನ್ಯಾಯವಂತೆ! ಆನೆ ನಡೆದದ್ದೇ ದಾರಿ ಅಂತ ಈ ವಯಸ್ಸಲ್ಲಿ ಹೇಳಿಕೊಡಬೇಕಾ?

ಅಷ್ಟರಲ್ಲಿ ಧಣಿ ಎಲ್ಲರನ್ನೂ ಕರೆದ. ಅರ್ಧ ಸಂಬಳದ ಬದಲು ನನ್ನ ಷೇರು ತಗೊಳ್ಳಿ, ಒಂದೂವರೆ ವರ್ಷ ಬಿಟ್ಟು ಮಾರಿ, ನಿಮಗೂ ತೆರಿಗೆ ಹತ್ತೇ, ಇನ್ಮೇಲೆ ನೀವೂ ಮಾಲೀಕರು ಅಂದ. ಅಲ್ಲೇ ಪೇಂಟರ್ ಆಗಿದ್ದ ನನ್ನ ಮೈದುನ ಒಪ್ಪಲಿಲ್ಲ. "ಅಣ್ಣಾ, ಕೈಗೆ ಬಂದಿದ್ದಷ್ಟೇ ನಮ್ದು" ಅಂದ. ಇವರು ಕೇಳಬೇಕಲ್ಲ! "ಒಂದು ಸಲ ನಾವೂ ಕೂತು ತಿನ್ನೋಣ ಬಿಡೋ" ಅಂತ ಸಹಿ ಹಾಕಿಬಂದ್ರು.

ಅವತ್ತಿಂದ ನಾನು ಇವರನ್ನ ಕರೀತಿದ್ದಿದ್ದೇ ಹಾಗೆ. "ಮಾಲೀಕರೇ, ಕಸದ ಡಬ್ಬ ಆಚೆ ಇಡ್ತೀರಾ?" ಇವರು ಕಾಲರ್ ಎತ್ತಿಕೊಂಡು ಕಸ ಇಟ್ಟು ಬರೋರು. ಅರ್ಧ ಸಂಬಳದಲ್ಲಿ ಅರೆಹೊಟ್ಟೆ ಉಂಡರೂ ಮನೇಲಿ ನಗು ಇತ್ತು.

ಷೇರು ಮಾರೋಕೆ ತಿಂಗಳಿದೆ ಅನ್ನುವಾಗ ಕಾರ್ಖಾನೆ ದಿವಾಳಿಯಾಗಿ ಬೀಗ ಬಿತ್ತು.

ಲೆಕ್ಕ ಚುಕ್ತಾ ಮಾಡೋಕೆ ಅಧಿಕಾರಿ ಬಂದ್ರು. ಕೊನೇ ಮೂರು ತಿಂಗಳು ಎಲ್ಲರ ಕೈಗೂ ಅರ್ಧ ಸಂಬಳವೇ ಬಂದಿತ್ತು. ಮೈದುನನಿಗೆ ಬಾಕಿ ಅರ್ಧದ ಕವರ್ ಸಿಕ್ತು. ಇವರು ಅವನ ಹಿಂದೇನೇ ನಿಂತಿದ್ರು, ಕೈ ಹಿಡ್ಕೊಂಡು ನಾನೂ.

"ನಿಮ್ಮದು ಆ ಕಡೆ ಸಾಲು. ಷೇರುದಾರರದ್ದು" ಅಂದ್ರು ಅಧಿಕಾರಿ.

"ನಾನು ವೆಲ್ಡರ್ ಸಾರ್, ಕೈ ನೋಡಿ" ಅಂತ ಸುಟ್ಟ ಕಲೆಗಳನ್ನ ತೋರಿಸಿದ್ರು.

"ಇರಬಹುದು. ನಿಮ್ಮ ಅರ್ಧ ಸಂಬಳ ನಿಮಗೆ ಸಂದಿದೆ. ಇನ್ನರ್ಧಕ್ಕೆ ನೀವು ಮಾಲೀಕರು. ಕಾನೂನು ಪ್ರಕಾರ ಎಲ್ಲರಿಗೂ ಕೊಟ್ಟು ಮಿಕ್ಕಿದ್ದು ಮಾಲೀಕರಿಗೆ. ಏನೂ ಮಿಕ್ಕಿಲ್ಲ."

"ಹಂಗಾದ್ರೆ ನಮ್ಮ ಧಣೀನೂ ಇದೇ ಸಾಲಲ್ಲಿರಬೇಕಲ್ಲ?" ಅಂತ ನಾನೇ ಕೇಳಿದೆ. ಸುಮ್ಮನಿರೋ ಜಾಯಮಾನ ನಂದಲ್ಲ.

"ಅವರ ಷೇರೆಲ್ಲ ನಿಮಗೇ ಮಾರಿದ್ದಾರಲ್ಲಮ್ಮ. ಬಂದ ಲಾಭಕ್ಕೆ ನೂರಕ್ಕೆ ಹತ್ತು ತೆರಿಗೇನೂ ಕಟ್ಟಿದ್ದಾರೆ. ಎಲ್ಲ ಕ್ರಮವಾಗಿದೆ."

ಇವರ ಅರ್ಧ ಸಂಬಳವೇ ಅವನ ಲಾಭ. ಇವರ ಕಣ್ಣನ್ನ ಅವನು ಮಾರಿ ತಿಂದಿದ್ದ, ಅದೂ ಕಮ್ಮಿ ತೆರಿಗೇಲಿ. ಅವನ ಮನೆ ಹಾಳಾಗ!

"ಅತ್ತಿಗೆ, ಇದನ್ನಿಟ್ಕೊಳ್ಳಿ" ಅಂತ ಮೈದುನ ಕವರ್ ಚಾಚಿದ. ಅದು ಆಪರೇಷನ್ನಿಗೆ ಕಾಲುಭಾಗವೂ ಆಗ್ತಿರಲಿಲ್ಲ. ಅವನಿಗೂ ಮೂರು ಮಕ್ಕಳು. ಬೇಡಪ್ಪ ಅಂದೆ.

ಏನೂ ಬರಬೇಕಾಗಿಲ್ಲ ಅಂತ ಬರೆದ ಕಾಗದಕ್ಕೆ ಇವರು ಸಹಿ ಹಾಕಬೇಕಿತ್ತು. ಮುಖ ಮೇಜಿಗೆ ತಾಗೋವಷ್ಟು ಬಗ್ಗಿದ್ರು. ಪೆನ್ನು ಕಾಗದದ ಮೇಲೆಲ್ಲ ಅಲೀತು.

"ಎಲ್ಲೇ? ಗೆರೆ ಕಾಣ್ತಿಲ್ಲ ಕಣೇ."

ನಾನು ಅವರ ಬೆರಳು ಹಿಡಿದು ಗೆರೆ ಮೇಲಿಟ್ಟೆ. "ಇಲ್ಲಿ, ಮಾಲೀಕರೇ" ಅಂದುಬಿಟ್ಟೆ. ಹಾಳು ನಾಲಿಗೆ, ರೂಢಿ.

ಇವರು ಬೆರಳಿಟ್ಟ ಕಡೆ ಸಹಿ ಹಾಕಿದ್ರು.