ಬೋರಕ್ಕನ ಅಳು

ಚಳ್ಳಕೆರೆಯ ದುರುಗೇಶ ಮೈಕ್ ಹಿಡಿದರೆ ಹೆಣವೂ ಎದ್ದು ಕೂತು ನಗಬೇಕು ಎಂದು ಜನ ಹೇಳುತ್ತಿದ್ದ ಕಾಲವೊಂದಿತ್ತು. ಮೊಳಕಾಲ್ಮೂರಿನ ಆ ರಾಜ್ಯೋತ್ಸವದ ಮಾರನೆಯ ದಿನದಿಂದ ಆ ಮಾತನ್ನು ಯಾರೂ ಆಡಲಿಲ್ಲ.

ಅವನ ಕಸುಬು ಮಿಮಿಕ್ರಿ. ಆರ್ಕೆಸ್ಟ್ರಾದಲ್ಲಿ ಹಾಡಿಗೂ ಹಾಡಿಗೂ ನಡುವೆ, ನಾಟಕದಲ್ಲಿ ಪರದೆ ಎಳೆದಾಗ ಮುಂದೆ ಬಂದು ಜನರನ್ನು ಹಿಡಿದು ಕೂರಿಸುತ್ತಿದ್ದ. ಕುಡುಕ, ಬಸ್ ಕಂಡಕ್ಟರ್, ಕರು ಕಳಕೊಂಡ ಎಮ್ಮೆ, ಸೊಸೆಯನ್ನು ಬಯ್ಯುವ ಅತ್ತೆ, ಯಾವುದಾದರೂ ಸರಿ. ಒಮ್ಮೆ ಕೇಳಿದ ದನಿ ಅವನ ಗಂಟಲಲ್ಲಿ ಗೂಡು ಕಟ್ಟಿಬಿಡುತ್ತಿತ್ತು. ದೇವರು ಕೊಟ್ಟ ವರ ಎಂದುಕೊಂಡಿದ್ದ. ಅದರ ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಟ್ಟಿದ್ದರೆ ದೇವರ ಗಂಟೇನು ಹೋಗುತ್ತಿತ್ತೋ!

ಆ ವರ್ಷ ಈರುಳ್ಳಿ ಕೀಳಲು ಕೂಲಿ ಹೆಂಗಸರನ್ನು ತುಂಬಿಕೊಂಡು ಹೋಗುತ್ತಿದ್ದ ಟೆಂಪೊ ನಾಯಕನಹಟ್ಟಿ ರಸ್ತೆಯಲ್ಲಿ ಪಲ್ಟಿ ಹೊಡೆಯಿತು. ಸತ್ತವರಲ್ಲಿ ಬಿ.ಜಿ. ಕೆರೆಯ ಬೋರಕ್ಕನ ಒಬ್ಬಳೇ ಮಗಳು ತ್ರಿವೇಣಿಯೂ ಇದ್ದಳು. ಆಸ್ಪತ್ರೆಯ ಅಂಗಳದಲ್ಲಿ ಬೋರಕ್ಕ ಅತ್ತದ್ದನ್ನು ಯಾರೋ ಫೋನಿನಲ್ಲಿ ಹಿಡಿದರು. ನಮ್ಮ ಕಡೆ ಹೆಂಗಸರು ಬರೀ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ಉಂಡದ್ದು, ಉಟ್ಟದ್ದು ಎಲ್ಲ ಆ ಅಳುವಿನಲ್ಲಿ ಬರುತ್ತದೆ.

"ಬುತ್ತಿ ಕಟ್ಕಂಡು ಹೋದ್ಯಲ್ಲೇ ನಾ ತಲ್ಲೀ... ಗಂಟು ಬಿಚ್ಚದಂಗೆ ಬಂದ್ಯಲ್ಲೇ ನಾ ತಲ್ಲೀ..."

ಅವಳ ಮನೆಮಾತು ತೆಲುಗು. ಹಾಗಾಗಿ 'ನನ್ನವ್ವ' ಎನ್ನುವ ಕಡೆ 'ನಾ ತಲ್ಲಿ' ಎಂದಿದ್ದಳು. ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು. ದುರುಗೇಶನೂ ಒರೆಸಿಕೊಂಡ. ಆದರೆ ಅವನ ಗಂಟಲು ತನ್ನ ಕೆಲಸ ತಾನು ಮಾಡಿಕೊಂಡಿತ್ತು.

ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಜನ ಕಿಕ್ಕಿರಿದಿದ್ದರು. ಅಂದು ಅವನ ಕುಡುಕ ನಡೆಯಲಿಲ್ಲ, ಕಂಡಕ್ಟರನೂ ನಡೆಯಲಿಲ್ಲ. ಹಿಂದಿನ ಸಾಲಿನವರು ಎದ್ದು ಹೊರಟರು. ಅದನ್ನು ಕಂಡು ಅವನಿಗೆ ರೇಗಿತು. ತಲೆಗೆ ಟವಲನ್ನು ಸೆರಗಿನಂತೆ ಹೊದ್ದ, ಸ್ಟೇಜಿನ ಮೇಲೆ ಕುಕ್ಕರುಗಾಲಲ್ಲಿ ಕೂತ, ಎದೆ ಬಡಿದುಕೊಂಡು ಬೋರಕ್ಕನ ಅಳು ತೆಗೆದ. ಎಲ್ಲೋ ಒಂದು ನಗು ಸಿಡಿಯಿತು. ಕಲಾವಿದನಿಗೆ ನಗು ಹೆಂಡದ ಹಾಗೆ, ಒಂದು ಗುಟುಕು ಇಳಿದರೆ ಇನ್ನೊಂದು ಬೇಕು. ಅವನು ಎದ್ದು ಸೊಂಟ ಕುಣಿಸಿ ಹೇಳಿದ:

"ನಮ್ ಹೆಂಗಸ್ರು ಹೆಣ ನೋಡಿ ಅಳಲ್ಲ ಕಣ್ರಪ್ಪೋ, ಕ್ಯಾಮೆರಾ ನೋಡಿ ಅಳ್ತಾರೆ. ಪರಿಹಾರದ ಚೆಕ್ ಕೈಗೆ ಬಂತಾ? ಅಳು ಸ್ವಿಚ್ ಆಫ್!"

ಗಂಡಸರು ನಕ್ಕರು. ಹೆಂಗಸರ ಸಾಲು ನಗಲಿಲ್ಲ. ಆ ಸಾಲಿನಲ್ಲಿ ಅದೇ ಟೆಂಪೊದಲ್ಲಿ ಕಾಲು ಮುರಿದುಕೊಂಡವಳೂ ಕೂತಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದನೇ? ಅದನ್ನು ಅವನೇ ಎದೆ ಮುಟ್ಟಿ ಹೇಳಲಾರ.

ಬೆಳಗಾಗುವಷ್ಟರಲ್ಲಿ ವಿಡಿಯೊ ಊರೂರು ಸುತ್ತಿತು. ಮೊಳಕಾಲ್ಮೂರಿನ ಹೆಂಗಸರು ಪೊರಕೆ ಹಿಡಿದು ಬೀದಿಗಿಳಿದರು. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳು ಒಂದೊಂದಾಗಿ ಕೈತಪ್ಪಿದವು. ಟಿವಿಯ ಕಾಮಿಡಿ ಷೋದವರು ಕರೆದಿದ್ದರು. ಈಗ ಫೋನೇ ಎತ್ತಲಿಲ್ಲ. ಕೈಮುಗಿದು, ಅತ್ತು, ಕ್ಷಮೆ ಕೇಳುವ ವಿಡಿಯೊ ಹಾಕಿದ. ಅದರ ಕೆಳಗೆ ಯಾವನೋ ಬರೆದ: 'ಕ್ಷಮೆ ಕೇಳೋ ಆಕ್ಟಿಂಗ್ ಸೂಪರ್ ಗುರು.' ದುರುಗೇಶ ಫೋನನ್ನು ಗೋಡೆಗೆ ಬೀಸಿ ಒಡೆದ.

ಫೋನು ಒಡೆದರೇನು, ದನಿ ಒಡೆಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದರೆ ಪಕ್ಕದ ಬೆಂಚಿನಿಂದ ಅವನದೇ ಅಳು ಕೇಳಿಸುತ್ತಿತ್ತು. ತಿರುಗಿ ನೋಡಿದರೆ ಕೆಲವು ಸಲ ಅಲ್ಲಿ ಫೋನೂ ಇರುತ್ತಿರಲಿಲ್ಲ, ಮನುಷ್ಯನೂ ಇರುತ್ತಿರಲಿಲ್ಲ. ಒಂದು ಬೆಳಗ್ಗೆ ಹೆಂಡತಿ ಸರಿತಾಳನ್ನು ನೀರು ಕೇಳಲು ಬಾಯಿ ತೆರೆದ. ಅವಳು ಚೊಂಬು ಕೆಳಗಿಟ್ಟು ಅವನನ್ನೇ ದಿಟ್ಟಿಸಿದಳು.

"ಯಾಕ್ರೀ ಹಂಗೆ ಮಾತಾಡ್ತೀರ?"

"ಹೆಂಗೆ?"

"ಆ ಯಮ್ಮನಂಗೆ."

ಹೀಗೇ ವರ್ಷ ಕಳೆಯಿತು. ನಾಟಕ ಕಟ್ಟಿಸಿ ಊರೂರಿಗೆ ಕಲಾವಿದರನ್ನು ಕಳಿಸುವ ಮಲ್ಲಿಕಾರ್ಜುನಪ್ಪನವರ ಮನೆ ಬಾಗಿಲಿಗೆ ಹೋಗಿ ನಿಂತ.

"ನೋಡ್ಲೇ ದುರುಗ," ಎಂದರು ಅವರು, "ನೀನು ನನ್ನ ಕಾಲು ಹಿಡಿದ್ರೆ ಏನೂ ಉಪಯೋಗ ಇಲ್ಲ. ಆ ಬೋರಕ್ಕನ ಬಾಯಿಂದ ಒಂದು ಮಾತು ಬರ್ಲಿ, 'ಇವನ್ನ ಕ್ಷಮಿಸೀನಿ' ಅಂತ. ಅವತ್ತೇ ಬಣ್ಣ ಹಚ್ಕ. ಅಲ್ಲೀತಂಕ ಯಾವ ಊರ ಸ್ಟೇಜೂ ನಿನ್ನ ಹತ್ತಿಸ್ಕಳಲ್ಲ."

ಅವನು ಬಿ.ಜಿ. ಕೆರೆಗೆ ಹೋದಾಗ ಬೋರಕ್ಕ ಬಾಗಿಲ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವನು ಹೆಸರು ಹೇಳಿದಾಗ ತಲೆ ಎತ್ತಿ ನೋಡಿದಳು.

"ನೀನಾ. ಫೋನ್ನಾಗೆ ದಪ್ಪಗಿದ್ದೆ."

ಅವನು ಕಾಲಿಗೆ ಬಿದ್ದ. ಅವಳು ಕಾಲು ಎಳೆದುಕೊಂಡಳು. "ಏಳು, ಏಳು. ಇದೂ ನಾಟ್ಕನೋ ಏನೋ, ಯಾವಳಿಗೆ ಗೊತ್ತು."

"ನಾಟ್ಕ ಅಲ್ಲಮ್ಮ! ಕ್ಷಮಿಸೀನಿ ಅಂತ ಒಂದು ಮಾತು ಹೇಳು, ನನ್ನ ಮನೆ ಮುಳುಗೈತೆ."

"ಕೂಗಬ್ಯಾಡ. ನಂದೇನು ತೇಲ್ತಾ ಐತಾ?"

ಅವಳು ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡು ಹೇಳಿದಳು: "ನನ್ನಿವಾಳ ಊರಾಗೆ ನಮ್ಮ ಚಿಕ್ಕವ್ವ ಸತ್ಲು. ಹೋದೆ. ಅಳಾಕೆ ಬಾಯಿ ತೆಗೆದೆ ನೋಡು, ಸಣ್ಣ ಹುಡುಗೀರು ಸೆರಗು ಬಾಯಿಗಿಟ್ಕಂಡು ಕಿಸಕ್ಕಂದ್ರು. ಅವರದೇನು ತಪ್ಪು? ನಾನು ಅತ್ರೆ ಅವರಿಗೆ ನೀನು ಕಾಣ್ತೀಯ. ಅವತ್ತು ಮುಚ್ಚಿದ ಬಾಯಿ. ಮಗಳ ವರ್ಸದ ಕಾರ್ಯದಾಗೂ ಅಳ್ಲಿಲ್ಲ. ಅಳು ಈಗ ನನ್ ತಾವ ಇಲ್ಲ, ನಿನ್ ತಾವ ಐತೆ. ತೆಗಿ, ಕೇಳಾನ."

"ಅಮ್ಮಾ, ಬ್ಯಾಡ."

"ಸಾವ್ರ ಜನದ ಮುಂದೆ ತೆಗ್ದೆ. ನನ್ನ ಮುಂದೆ ತೆಗಿಯಾಕೆ ಏನಾಗೈತೆ ರೋಗ?"

ಅವನು ತೆಗೆದ. ಅಭ್ಯಾಸಬಲದಿಂದ ಸೊಂಟ ಅಲುಗಿತು. "ಅದನ್ನ ಬಿಡು, ನಾನು ಕುಣಿದಿದ್ದಿಲ್ಲ," ಎಂದಳು. ಮತ್ತೆ ಮೊದಲಿನಿಂದ ತೆಗೆದ. ಈ ಸಲ ಬರೀ ದನಿ ಬಂತು. ಅವಳು ಕಣ್ಣು ಮುಚ್ಚಿ, ಹುಣಸೆಹಣ್ಣನ್ನು ಮುಷ್ಟಿಯಲ್ಲಿ ಹಿಸುಕಿಕೊಂಡು, ಕಡೆಯತನಕ ಕೇಳಿದಳು.

"ಹೂಂ. ಹಂಗೇ ಅತ್ತಿದ್ದೆ," ಎಂದಳು. "ನೀ ಕೇಳಿದ ಮಾತು ಕೊಡ್ತೀನಿ. ಆದ್ರೆ ನೀನೂ ಒಂದು ಮಾತು ಕೊಡಬೇಕು. ಅವ್ವ ಸತ್ರೆ ಮಗಳು ಅಳಬೇಕು. ನನ್ನ ಮಗಳು ಮುಂಚೇನೇ ಹೋದ್ಲು. ನಾನು ಸತ್ತಾಗ ನೀನು ಬಂದು ಅಳಬೇಕು. ನನ್ನ ದನೀನಾಗೇ."

"ಗಂಡಸು ನಾನು ಹೆಂಗಮ್ಮ..."

"ಸ್ಟೇಜ್ ಮ್ಯಾಲೆ ಸೆರಗು ಹೊದ್ದಾಗ ಗಂಡಸಾಗಿರ್ಲಿಲ್ವಾ?"

ಸ್ಟೇಜಿನ ಆಸೆಯಲ್ಲಿ ಅವನು ಥಟ್ಟನೆ ಅವಳ ಅಂಗೈ ಮೇಲೆ ಕೈಯಿಟ್ಟ. ಒಳಗಿನಿಂದ ಬಂದ ಅವಳ ತಮ್ಮ ಓಬಳಪ್ಪ ವಿಡಿಯೊಗೆ ಫೋನು ಹಿಡಿದ. ಬೋರಕ್ಕ ಕ್ಯಾಮೆರಾವನ್ನು ನೆಟ್ಟಗೆ ನೋಡಿ ಹೇಳಿದಳು: "ಇವನ್ನ ಕ್ಷಮಿಸೀನಿ. ಕೆಲ್ಸ ಕೊಡ್ರಿ."

ಜನ ಕೊಟ್ಟರು. ಮೊದಮೊದಲು ಸಣ್ಣ ಊರುಗಳಲ್ಲಿ, ಆಮೇಲೆ ಚಳ್ಳಕೆರೆಯಲ್ಲೇ. ಕುಡುಕನಿಗೆ ನಕ್ಕರು, ಎಮ್ಮೆಗೆ ಶಿಳ್ಳೆ ಹೊಡೆದರು. ಆದರೆ ಅವನಿಗೆ ನಗುವಿನ ಕೆಳಗೆ ಇನ್ನೊಂದು ಸದ್ದು ಕೇಳುತ್ತಿತ್ತು. ಕಂಡಕ್ಟರನ ದನಿ ತೆಗೆಯುವಾಗಲೂ ಗಂಟಲ ತಳದಲ್ಲಿ ಅವಳು ಕೂತಿರುತ್ತಿದ್ದಳು, ತನ್ನ ಸರದಿ ಕಾಯುವವಳಂತೆ. ಫೋನು ಹೊಡೆದುಕೊಂಡರೆ ಬಿ.ಜಿ. ಕೆರೆಯಿಂದಲೇ ಇರಬೇಕು ಎಂದು ಹೆದರುತ್ತಿದ್ದ. ಆ ಮುದುಕಿ ನೂರು ವರ್ಷ ಬದುಕಲಪ್ಪ ಎಂದು ತಿಪ್ಪೇಸ್ವಾಮಿಗೆ ಹರಕೆ ಹೊತ್ತ. ಅದು ಅವಳ ಮೇಲಿನ ಪ್ರೀತಿಗಲ್ಲ.

ಟಿವಿಯವರು ಮತ್ತೆ ಕರೆದ ವಾರದಲ್ಲೇ ಓಬಳಪ್ಪನ ಫೋನು ಬಂತು. "ಅಕ್ಕ ಹೋಗ್ಬಿಟ್ಲಪ್ಪ. ಮಧ್ಯಾಹ್ನಕ್ಕೆ ಮಣ್ಣು."

ಅವನು ಕೊಟ್ಟ ಮಾತಿನ ವಿಷಯ ಕೇಳಿದವರೇ ಮಲ್ಲಿಕಾರ್ಜುನಪ್ಪ ಕೆಂಡವಾದರು. "ತಲೆ ನೆಟ್ಟಗೈತೇನಲೇ? ನೀನು ಅಲ್ಲಿ ಬಾಯಿ ತೆಗೆದ್ರೆ ಅಳು ಅಂತ ಯಾವನಂತಾನೆ? ಹೆಣದ ಮುಂದೂ ಐಟಂ ಮಾಡ್ದ ಅಂತಾರೆ. ಈ ಸಲ ಕ್ಷಮಿಸಾಕೆ ಅವಳೂ ಇರಲ್ಲ. ಹಾರ ಹಾಕು, ಕೈ ಮುಗಿ, ತೆಪ್ಪಗೆ ಬಾ."

ಸರಿಯಾದ ಮಾತು ಎನಿಸಿತು. ಸತ್ತವಳೇನು ಬಂದು ಕೇಳುತ್ತಾಳೆಯೇ? ಹಾರ ತೆಗೆದುಕೊಂಡು ಬಸ್ಸು ಹತ್ತಿದ.

ಬೋರಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸುತ್ತ ಕೇರಿಯ ಹೆಂಗಸರು ಇದ್ದರು. ಮೂಗು ಒರೆಸಿಕೊಳ್ಳುತ್ತಿದ್ದರೇ ಹೊರತು ಒಬ್ಬಳೂ ದನಿ ಎತ್ತಿರಲಿಲ್ಲ. ಅವನ ಮಾತು ಬೋರಕ್ಕನೊಬ್ಬಳ ಬಾಯಿ ಮುಚ್ಚಿಸಿರಲಿಲ್ಲ, ಇಡೀ ಕೇರಿಯ ಬಾಯಿ ಕಟ್ಟಿತ್ತು. ನೊಣ ಹಾರುವ ಸದ್ದು ಕೇಳುವ ಸಾವಿನ ಮನೆಯನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಇವನ್ಯಾಕೆ ಬಂದ?" ಎಂದಳು ಯಾವಳೋ. ಬಾಗಿಲಲ್ಲಿ ನಿಂತ ಹುಡುಗರ ಫೋನುಗಳು ಮೇಲೆದ್ದವು.

ಹಾರ ಹಾಕಿದ. ಕೈ ಮುಗಿದ. ಹೊಸಿಲವರೆಗೆ ಬಂದ. ಓಬಳಪ್ಪ ಅಡ್ಡ ಬರಲಿಲ್ಲ, ಬಯ್ಯಲೂ ಇಲ್ಲ. "ಬತ್ತಾನೆ ಅಂದಿದ್ಲು," ಎಂದನಷ್ಟೆ, "ಬಂದೆ."

ದುರುಗೇಶ ಹೊಸಿಲು ದಾಟಲು ಕಾಲೆತ್ತಿದ. ಗಂಟಲ ತಳದಲ್ಲಿ ಸರದಿ ಕಾಯುತ್ತಿದ್ದವಳು ಮೇಲೆದ್ದಳು. ತಿರುಗಿ ಬಂದು ಹೆಣದ ಪಕ್ಕ ನೆಲಕ್ಕೆ ಕುಸಿದ. ಟವಲು ಹೊದೆಯಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ.

"ಮಗಳ ತಾವ ಹೊಂಟ್ಯಲ್ಲೇ ನಾ ತಲ್ಲೀ..."

ಅಚ್ಚು ಬೋರಕ್ಕನ ದನಿ. ಹೆಂಗಸರು ಬೆಚ್ಚಿ ಹಿಂದೆ ಸರಿದರು. ಒಬ್ಬಿಬ್ಬರು ಹೆಣದ ತುಟಿಗಳನ್ನೇ ನೋಡಿದರು. ಬಾಗಿಲಲ್ಲಿ ಯಾವನೋ ಕಿಸಕ್ಕೆಂದ. ಅದೂ ಹುಡುಗರ ವಿಡಿಯೊದಲ್ಲಿ ಬರುತ್ತದೆ ಎಂದು ದುರುಗೇಶನಿಗೆ ಗೊತ್ತಾಯಿತು. ಟಿವಿಯವರು ಸಂಜೆಯೊಳಗೆ ನೋಡುತ್ತಾರೆ, ಮಲ್ಲಿಕಾರ್ಜುನಪ್ಪ ಅದಕ್ಕೂ ಮುಂಚೆ.

ಒಬ್ಬಳು ಒಂದು ಸಾಲು ಅತ್ತು ನಿಲ್ಲಿಸಿದರೆ ಪಕ್ಕದವಳು ಮುಂದಿನ ಸಾಲು ಎತ್ತಿಕೊಳ್ಳಬೇಕು. ಸಾವಿನ ಮನೆಯ ರೂಢಿ ಅದು. ಅವನು ಉಸಿರು ಬಿಟ್ಟು ಕಾದ.

ಯಾರೂ ಎತ್ತಿಕೊಳ್ಳಲಿಲ್ಲ.

ಎರಡನೆಯ ಸಾಲನ್ನೂ ಅವನೇ ಎತ್ತಿದ.